ವರ್ಷಕ್ಕೊಂದೇ ಮರಿ

ಬಾವಲಿ ಎಂದರೆ ರೆಕ್ಕೆ ಬಂದ ಇಲಿ ಎಂದು ನಂಬಿರುವವರು ನಮ್ಮಲ್ಲಿ ಬಹಳ. ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿಗಳು ಈ ನಂಬಿಕೆಯನ್ನು ಸಭೆಯ ನಡಾವಳಿಯಲ್ಲೇ ಬರೆಸಿಬಿಟ್ಟಿದ್ದಾರೆ. ಉದ್ಯಾನದ ಅಂಚಿನಲ್ಲಿ ಬಾವಲಿಗಳು ಬೀಡುಬಿಟ್ಟಿರುವ ಕಂಬದ ಅಶೋಕ ಮರಗಳನ್ನು ಕಡಿಸಬೇಕೆಂಬುದು ಅವರ ಪ್ರಸ್ತಾಪ. ನಿಪಾ ರೋಗದ ಭಯ, ಕಾರುಗಳ ಮೇಲೆ ಬೀಳುವ ಹಿಕ್ಕೆ, ಇವೆಲ್ಲ ಪಟ್ಟಿಯಲ್ಲಿ ಇದ್ದವಾದರೂ ಅವರಿಗೆ ದೊಡ್ಡದಾಗಿ ಕಂಡ ಕಾರಣ ಬೇರೆ. "ಮೇಡಂ, ಈ ವರ್ಷ ಹತ್ತಿದ್ದರೆ ಮುಂದಿನ ವರ್ಷ ಸಾವಿರ ಆಗುತ್ತವೆ. ಇಲಿ ಜಾತಿಯಲ್ಲವೇ?" ಎಂದರು. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು, ಇಂಥ ಮಾತಿಗೆ ಸುಮ್ಮನಿರುವುದು ಕಷ್ಟ. "ರಾಯರೇ, ವಂಶಾವಳಿ ತೆಗೆದು ನೋಡಿದರೆ ಬಾವಲಿಯ ಬಳಗ ಕುದುರೆ, ಹಸು, ನಾಯಿಗಳ ಕಡೆಯದು. ಇಲಿ ಮಾತ್ರ ನಿಮ್ಮ ನಮ್ಮ ಕಡೆಯ ನೆಂಟ" ಎಂದೆ. ಸಭೆ ನಕ್ಕಿತು. ಅವರಿಗೆ ಅದು ಹಿಡಿಸಲಿಲ್ಲ.

ನೆಂಟಸ್ತಿಕೆಯ ಮಾತು ಹಾಗಿರಲಿ, ಸಂತಾನದ ಲೆಕ್ಕಕ್ಕೆ ಬರೋಣ. ಮನೆಯ ಇಲಿ 21ರಿಂದ 23 ದಿನ ಬಸಿರು ಹೊತ್ತು ಒಂದು ಸೂಲಿಗೆ ಆರೇಳು ಮರಿ ಹಾಕುತ್ತದೆ. ಹೆತ್ತ ಒಂದೆರಡು ದಿನಗಳಲ್ಲೇ ಮತ್ತೆ ಬೆದೆಗೆ ಬರುತ್ತದೆ. ಆ ಮರಿಗಳು ಕೆಲವೇ ತಿಂಗಳುಗಳಲ್ಲಿ ತಾವೇ ತಾಯಂದಿರಾಗುತ್ತವೆ. ಬೆಕ್ಕು, ಗೂಬೆ, ಹಾವು, ಪಾಷಾಣ ಇವೆಲ್ಲವನ್ನೂ ತಪ್ಪಿಸಿಕೊಂಡು ಅದು ಬದುಕುವುದೇ ಒಂದೋ ಎರಡೋ ವರ್ಷ. ಆದ್ದರಿಂದ ಅವಸರ ಅದಕ್ಕೆ ಅನಿವಾರ್ಯ. ಇನ್ನು ಹಳ್ಳಿಯ ಆಲದ ಮರದಲ್ಲಿ ಹಗಲೆಲ್ಲ ಕಿಚಿಗುಟ್ಟುತ್ತ ಜೋತಾಡುವ ದೊಡ್ಡ ತೊಗಲು ಬಾವಲಿಯನ್ನು ನೋಡಿ. ಐದು ತಿಂಗಳ ಹತ್ತಿರ ಬಸಿರು, ವರ್ಷಕ್ಕೆ ಒಂದೇ ಮರಿ. ಜಗತ್ತಿನ ಬಾವಲಿ ಜಾತಿಗಳು 1,400ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲಿನ ಪದ್ಧತಿ ಇದೇ. ಕೆಲವು ಪುಟ್ಟ ಕೀಟಾಹಾರಿಗಳು ಅವಳಿ ಹೆರುತ್ತವೆ, ಅಮೆರಿಕದ ಕೆಂಪು ಬಾವಲಿ ಮೂರು ನಾಲ್ಕು ಮರಿ ಹಾಕುವುದೂ ಉಂಟು. ಅವೆಲ್ಲ ಅಪವಾದಗಳು.

ಮರಿ ಕಡಿಮೆಯಾದರೆ ಆಯುಸ್ಸು ಹೆಚ್ಚಿರಬೇಕು, ಇಲ್ಲವಾದರೆ ವಂಶ ಉಳಿಯುವುದಿಲ್ಲ. ಸೈಬೀರಿಯಾದಲ್ಲಿ ಗುರುತಿನ ಬಳೆ ತೊಡಿಸಿ ಬಿಟ್ಟಿದ್ದ ಬ್ರಾಂಟ್ ಬಾವಲಿಯೊಂದು 41 ವರ್ಷಗಳ ನಂತರ ಜೀವಂತ ಸಿಕ್ಕಿತು. ತೂಕ ಸುಮಾರು ಏಳು ಗ್ರಾಂ. ಅದೇ ತೂಕದ ಸುಂಡಿಲಿಗಳು ಎರಡು ವರ್ಷ ಬದುಕಿದರೆ ಹೆಚ್ಚು.

ಏಕೆ ಒಂದೇ ಮರಿ? ಹಾರಬೇಕಲ್ಲ, ಅದಕ್ಕೆ. ಹಕ್ಕಿಗೆ ಈ ತೊಂದರೆ ಇಲ್ಲ, ಮೊಟ್ಟೆಯಿಟ್ಟು ಹಗುರಾಗಿ ಬಿಡುತ್ತದೆ. ಬಾವಲಿ ಹೊಟ್ಟೆಯಲ್ಲಿ ಮರಿಯನ್ನು ಹೊತ್ತುಕೊಂಡೇ ರಾತ್ರಿಯೆಲ್ಲ ಆಹಾರ ಹುಡುಕಬೇಕು. ಹುಟ್ಟುವ ಮರಿಯ ತೂಕ ತಾಯಿಯ ತೂಕದ ಕಾಲುಭಾಗದ ಆಸುಪಾಸು. ಅರವತ್ತು ಕೆಜಿ ತೂಕದ ಹೆಂಗಸು ಹದಿನೈದು ಕೆಜಿಯ ಕೂಸನ್ನು ಹೆತ್ತಂತೆ. ಅಷ್ಟು ದೊಡ್ಡದಾಗಿ ಹುಟ್ಟಿದರೂ ಮರಿಯ ಪರಾಧೀನತೆ ಅಲ್ಲಿಗೆ ಮುಗಿಯುವುದಿಲ್ಲ. ರೆಕ್ಕೆ ಹೆಚ್ಚುಕಡಿಮೆ ಪೂರ್ಣ ಅಳತೆಗೆ ಬೆಳೆಯುವ ತನಕ ಹಾರಲಾಗದು, ಹಾರಲಾಗದೆ ಉಣ್ಣಲಾಗದು. ಇಲಿಮರಿ ಅರ್ಧ ಬೆಳೆದಾಗಲೇ ಓಡಾಡಿ ಕಾಳು ಕಡಿಯುತ್ತದೆ. ಬಾವಲಿಮರಿಗೆ ಅರ್ಧ ರೆಕ್ಕೆಯಿಂದ ಯಾವ ಪ್ರಯೋಜನವೂ ಇಲ್ಲ. ಅಷ್ಟು ದಿನವೂ ತಾಯಿಯ ಹಾಲೇ ಗತಿ.

ಹೆರಿಗೆಯೂ ಸುಲಭದ್ದಲ್ಲ. ಮಾರಿಷಸ್‌ನ ಪೂರ್ವಕ್ಕಿರುವ ರಾಡ್ರಿಗಸ್ ದ್ವೀಪದ ಹಣ್ಣುಬಾವಲಿಗಳನ್ನು ಅಮೆರಿಕದ ಫ್ಲಾರಿಡಾದಲ್ಲಿ ಸಾಕಿದ್ದರು. ಅಲ್ಲಿ ಥಾಮಸ್ ಕುಂಜ್ ಮತ್ತು ಸಂಗಡಿಗರು ಕಂಡ ಒಂದು ಹೆರಿಗೆಯ ವರದಿ 1994ರಲ್ಲಿ ಪ್ರಕಟವಾಯಿತು. ಬಾವಲಿ ಎಂದೂ ತಲೆ ಕೆಳಗಾಗಿ ಇರುವುದಾದರೂ ಈ ಜಾತಿ ಹೆರುವಾಗ ಹೆಬ್ಬೆರಳಿನ ಉಗುರುಗಳಿಂದ ಜೋತು ತಲೆ ಮೇಲಾಗಿ, ಕಾಲು ಕೆಳಗಾಗಿ ನಿಲ್ಲಬೇಕು. ಹಾಗಿದ್ದರೆ ಮರಿ ಕಾಲುಗಳ ನಡುವಿನ ಪೊರೆಯ ತೊಟ್ಟಿಲಿಗೆ ಇಳಿಯುತ್ತದೆ. ಅಂದು ನೋವಿನಲ್ಲಿದ್ದ ಬಾವಲಿ ತಲೆ ಕೆಳಗಾಗಿಯೇ ಜೋತಿತ್ತು. ಹತ್ತಿರ ಬಂದ ಮತ್ತೊಂದು ಹೆಣ್ಣು ಅದರ ಎದುರಿಗೆ ತಾನೇ ತಲೆ ಮೇಲಾಗಿ ನಿಂತು ತೋರಿಸಿತು. ಅದನ್ನು ಕಂಡ ಬಸುರಿಯೂ ಹಾಗೇ ತಿರುಗಿತು. ಮೈ ನೆಕ್ಕಿದ್ದು, ರೆಕ್ಕೆಗಳಿಂದ ಅಪ್ಪಿ ಹಿಡಿದದ್ದು, ಹೊರಬರುತ್ತಿದ್ದ ಮರಿಯನ್ನು ಹಾಲಿನ ಕಡೆಗೆ ಸರಿಸಿದ್ದು, ಎಲ್ಲವೂ ಆ ನೆರವಿನ ಹೆಣ್ಣೇ. ಅವೆರಡೂ ರಕ್ತಸಂಬಂಧಿಗಳಾಗಿರಲಿಲ್ಲ. ಪ್ರಾಣಿಗಳ ವರ್ತನೆಗೆ ಮನುಷ್ಯರ ಹೆಸರು ಕೊಡಬಾರದೆಂದು ನಾನೇ ತರಗತಿಯಲ್ಲಿ ಹೇಳುತ್ತೇನೆ. ಇದನ್ನು ಸೂಲಗಿತ್ತಿತನ ಎನ್ನದೆ ಬೇರೇನೆಂದು ಕರೆಯಲಿ?

ಇಷ್ಟು ದುಬಾರಿಯಾದ ಒಂದೇ ಮರಿಯನ್ನು ತಪ್ಪು ಕಾಲದಲ್ಲಿ ಹೆತ್ತರೆ ವರ್ಷವೇ ವ್ಯರ್ಥ. ಹಾಲೂಡುವ ತಿಂಗಳುಗಳಲ್ಲಿ ತಾಯಿಗೆ ಹೊಟ್ಟೆತುಂಬ ಆಹಾರ ಸಿಗಲೇಬೇಕು. ಕೀಟ ತಿನ್ನುವ ಬಾವಲಿಗಾದರೆ ಹುಳುಗಳು ಮುತ್ತುವ ಕಾಲ, ಹಣ್ಣು ತಿನ್ನುವುದಕ್ಕಾದರೆ ಹಣ್ಣಿನ ಕಾಲ. ಆ ಕಾಲಕ್ಕೆ ಮರಿ ಹುಟ್ಟಬೇಕಾದರೆ ಗಂಡುಹೆಣ್ಣು ಕೂಡುವುದು ಯಾವಾಗ ಎಂದು ಹಿಂದಕ್ಕೆ ಎಣಿಸಿ. ಶೀತ ದೇಶಗಳಲ್ಲಿ ಅದು ಹಿಮ ಬೀಳುವ ಚಳಿಗಾಲಕ್ಕೋ ಚಳಿನಿದ್ದೆಯಿಂದ ಬಡಕಲಾಗಿ ಎದ್ದ ಗಳಿಗೆಗೋ ಬಂದು ನಿಲ್ಲುತ್ತದೆ. ಈ ಇಕ್ಕಟ್ಟಿಗೆ ಹೆಣ್ಣು ಬಾವಲಿಗಳು ಕಂಡುಕೊಂಡ ಉಪಾಯ ನನಗೆ ಇಡೀ ಸಸ್ತನಿ ಲೋಕದಲ್ಲೇ ಅತ್ಯಂತ ಜಾಣತನದ್ದಾಗಿ ಕಾಣುತ್ತದೆ. ಅವು ಮಿಲನವನ್ನೂ ಬಸಿರನ್ನೂ ಬೇರೆ ಬೇರೆ ಮಾಡಿಬಿಟ್ಟವು.

ಯುರೋಪಿನ ನಾಕ್ಟ್ಯೂಲ್ ಬಾವಲಿ ಮೈಯಲ್ಲಿ ಕೊಬ್ಬು ತುಂಬಿಕೊಂಡ ಶರತ್ಕಾಲದಲ್ಲಿ ಗಂಡಿನೊಡನೆ ಕೂಡುತ್ತದೆ. ಆಗ ಅಂಡ ಬಿಡುಗಡೆಯಾಗುವುದಿಲ್ಲ. ವೀರ್ಯಾಣುಗಳು ಗರ್ಭಕೋಶದಲ್ಲಿ ಒಳಗೋಡೆಯ ಕಡೆಗೆ ತಲೆ ಮಾಡಿ ಸಾಲಾಗಿ ನಿಂತು ಚಳಿಗಾಲ ಕಳೆಯುತ್ತವೆ. ತಾಯಿಯ ಮೈ ತಣ್ಣಗಾಗಿ ನಿದ್ದೆಯಲ್ಲಿದ್ದರೂ ಅವು ಸಾಯುವುದಿಲ್ಲ. ವಸಂತದಲ್ಲಿ ಎಚ್ಚರವಾದ ಮೇಲೆ ಅಂಡ ಹೊರಬರುತ್ತದೆ, ಆರು ತಿಂಗಳಿಗೂ ಹಿಂದಿನ ವೀರ್ಯದಿಂದ ಬಸಿರು ನಿಲ್ಲುತ್ತದೆ. ಮನುಷ್ಯರ ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನ ಉಳಿದರೆ ಹೆಚ್ಚು. ಬೇರೆಯ ದೇಹದಿಂದ ಬಂದ ಜೀವಕೋಶಗಳನ್ನು ರೋಗನಿರೋಧಕ ವ್ಯವಸ್ಥೆ ಕೊಲ್ಲದೆ ಅರ್ಧ ವರ್ಷ ಸಾಕಿಕೊಂಡಿರುವುದು ಸಣ್ಣ ಮಾತಲ್ಲ.

ಇದು ಹಿಮದ ನಾಡಿನ ಕಥೆ ಎಂದುಕೊಳ್ಳಬೇಡಿ. ನಮ್ಮ ದೇಶದಲ್ಲಿ ಹಿಮದ ಜಾಗದಲ್ಲಿ ಮುಂಗಾರು ಇದೆ. ಸಂಜೆ ಬೀದಿದೀಪದ ಸುತ್ತ ಗಿರಕಿ ಹೊಡೆಯುವ ಹಳದಿ ಹೊಟ್ಟೆಯ ಕಣ್ಣಕಪ್ಪಡಿ ಎಂಬ ಬಾವಲಿಯ ಸಂತಾನಚಕ್ರವನ್ನು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ವಿವರವಾಗಿ ಅಧ್ಯಯನ ಮಾಡಿದ್ದಾರೆ. ವಾರಾಣಸಿಯಲ್ಲಿ ಅವು ಕೂಡುವುದು ಜನವರಿಯ ಚಳಿಯಲ್ಲಿ, ಅಂಡ ಹೊರಬರುವುದು ಮಾರ್ಚ್‌ನಲ್ಲಿ, ಮರಿಗಳು ಕಣ್ಣು ಬಿಡುವುದು ಮಳೆಹುಳುಗಳ ಹೊತ್ತಿಗೆ. ಇದಕ್ಕೂ ಮೊದಲೇ, 1940ರ ದಶಕದಿಂದ, ಎ. ಗೋಪಾಲಕೃಷ್ಣ ಅವರೂ ಮುಂದೆ ನಾಗಪುರದಲ್ಲಿ ಅವರ ಶಿಷ್ಯರೂ ಭಾರತದ ಬಾವಲಿಗಳ ಭ್ರೂಣವಿಜ್ಞಾನವನ್ನು ಒಂದೊಂದೇ ಜಾತಿಯಾಗಿ ಬರೆದಿಡುತ್ತ ಹೋದರು. ಅಂಥ ಕೆಲಸಕ್ಕೆ ಪತ್ರಿಕೆಗಳಲ್ಲಿ ಜಾಗ ಸಿಗುವುದಿಲ್ಲ, ಪಠ್ಯಪುಸ್ತಕದಲ್ಲಂತೂ ಇಲ್ಲವೇ ಇಲ್ಲ.

ವೀರ್ಯವನ್ನು ಕೂಡಿಡುವುದು ಒಂದು ದಾರಿ. ಉದ್ದ ಬೆರಳಿನ ಬಾವಲಿ ಇನ್ನೊಂದು ದಾರಿ ಹಿಡಿದಿದೆ. ಯುರೋಪಿನಲ್ಲಿ ಅದು ಶರತ್ಕಾಲದಲ್ಲೇ ಬಸಿರಾಗುತ್ತದೆ. ಆದರೆ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳದೆ ಚಳಿಗಾಲವಿಡೀ ಸುಮ್ಮನೆ ತೇಲುತ್ತಿರುತ್ತದೆ. ಮೂರನೆಯ ದಾರಿಯಲ್ಲಿ ಭ್ರೂಣ ಅಂಟಿಕೊಂಡ ಮೇಲೆ ಬೆಳವಣಿಗೆಯೇ ನಿಧಾನವಾಗುತ್ತದೆ. ಈ ಮೂರನೆಯದನ್ನು ಬಳಸುವುದು ಬೇರೆ ಯಾವುದೂ ಅಲ್ಲ, ನಮ್ಮ ಬಡಾವಣೆಯ ವಿವಾದದ ಕೇಂದ್ರವಾಗಿರುವ ಗಿಡ್ಡಮೂತಿಯ ಹಣ್ಣುಬಾವಲಿ.

ಇದನ್ನು ನೀವು ಖಂಡಿತ ನೋಡಿರುತ್ತೀರಿ, ಅಥವಾ ಅದು ಮಾಡಿದ್ದನ್ನು ನೋಡಿರುತ್ತೀರಿ. ಬೆಳಗ್ಗೆ ಅಂಗಳದಲ್ಲಿ ಅರ್ಧ ತಿಂದ ಕಾಡುಬಾದಾಮಿ, ಪೇರಲೆಯ ಚೂರು, ರಸ ಹೀರಿ ಉಗಿದ ನಾರಿನ ಉಂಡೆ ಬಿದ್ದಿದ್ದರೆ ರಾತ್ರಿ ಬಂದಿದ್ದದ್ದು ಇದೇ. ಅಂಗೈಯಲ್ಲಿ ಹಿಡಿಸುವ ಮೈ, ನಾಯಿಮರಿಯದರಂಥ ಮುಖ, ಕಿವಿಯ ಅಂಚಿಗೆ ಸಣ್ಣ ಬಿಳಿ ಗೆರೆ. ಕಂಬದ ಅಶೋಕದ ಕೊಂಬೆಗಳು ಕೆಳಮುಖವಾಗಿ ಇಳಿಬಿದ್ದು ಕಾಂಡವನ್ನು ಮುಚ್ಚಿರುತ್ತವಲ್ಲ, ಅದರ ಒಳಗೆ ಗಂಡು ಬಾವಲಿ ಎಲೆಕಡ್ಡಿಗಳನ್ನು ಹಲ್ಲಿನಿಂದ ಕಡಿದು ಕಡಿದು ಬೀಳಿಸಿ ಟೊಳ್ಳು ಮಾಡುತ್ತದೆ. ಹೊರಗೆ ನಿಂತು ಮೇಲೆ ನೋಡಿದರೆ ಹಸಿರು ಗೋಡೆ ಹಾಗೇ ಇರುತ್ತದೆ. ಬುಡದಲ್ಲಿ ನಿಂತು ಮೇಲಕ್ಕೆ ಕಣ್ಣು ಹಾಯಿಸಿದರೆ ಮಾತ್ರ ಒಳಗಿನ ಕೋಣೆ, ಕಡಿದ ಕಡ್ಡಿಗಳ ಮೊಂಡು ತುದಿಗಳು, ಅವುಗಳಿಂದ ಜೋತ ಐದಾರು ಕಂದು ಮೈಗಳು ಕಾಣುತ್ತವೆ. ಬೈನೆ ಮರವಾದರೆ ಕೆಲಸ ಇನ್ನೂ ಚೆಂದ. ಅದರ ಇಳಿಬಿದ್ದ ಕಾಯಿಗೊನೆಯ ನಡುವಿನ ಎಳೆಗಳನ್ನಷ್ಟೇ ಕತ್ತರಿಸಿ, ಸುತ್ತಲಿನವನ್ನು ಬಿಟ್ಟು, ಗಂಟೆಯಾಕಾರದ ಗೂಡು ಮಾಡುತ್ತದೆ. ತಮಿಳುನಾಡಿನ ಪಾಳಯಂಕೋಟೆಯ ಸುತ್ತ ಬಾಲಸಿಂಗ್ ಮತ್ತು ಸಂಗಡಿಗರು ಇದನ್ನು ಗಮನಿಸಿ 1995ರಲ್ಲಿ ಪ್ರಕಟಿಸಿದರು. ಕಟ್ಟುವುದು ಒಂಟಿ ಗಂಡೇ, ವಾರಗಟ್ಟಲೆ ಕೆಲಸ. ಕಡಿದ ಜಾಗಗಳಿಗೆ ಎಂಜಲು ಸವರಿ ತನ್ನದೆಂದು ಗುರುತು ಹಾಕುತ್ತದೆ. ಆಮೇಲೆ ಹೆಣ್ಣುಗಳು ಬರುತ್ತವೆ. ಒಂದೆರಡು ಬರಬಹುದು, ಹತ್ತು ಹದಿನೈದೂ ಬರಬಹುದು. ಬಾರದೆಯೂ ಇರಬಹುದು, ಆಗ ಕಟ್ಟಿದವನು ಒಂಟಿಯಾಗಿ ಜೋತುಕೊಂಡಿರಬೇಕು. ಬಿಡಾರವೇ ಇಲ್ಲದ ಬ್ರಹ್ಮಚಾರಿಗಳು ಪಕ್ಕದ ಮರಗಳಲ್ಲಿ ಕಾಯುತ್ತಿರುತ್ತವೆ.

ಪುಣೆಯಲ್ಲಿ ಈ ಬಾವಲಿಯ ಸಂಸಾರವನ್ನು ಜೇ ಸ್ಟಾರ್ಜ್, ಎಚ್. ಆರ್. ಭಟ್ ಮತ್ತು ಕುಂಜ್ ಡಿಎನ್‌ಎ ಪರೀಕ್ಷೆಯ ನೆರವಿನಿಂದ ಬಿಡಿಸಿ ನೋಡಿದರು. ವರ್ಷಕ್ಕೆರಡು ಸಲ, ಫೆಬ್ರವರಿ–ಮಾರ್ಚ್‌ನಲ್ಲೊಮ್ಮೆ, ಜೂನ್–ಜುಲೈಯಲ್ಲೊಮ್ಮೆ, ಗುಂಪಿನ ಹೆಣ್ಣುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹೆರುತ್ತವೆ, ತಾಯಿಗೊಂದು ಮರಿ. ಮೊದಲ ಹೆರಿಗೆಯಾದ ಬೆನ್ನಲ್ಲೇ ಮತ್ತೆ ಬಸಿರು. ಒಂದು ಬಸಿರನ್ನು ನಿಧಾನಿಸಿ ಇನ್ನೊಂದನ್ನು ನಿಧಾನಿಸದೆ ಬಿಡುವುದರಿಂದಲೇ ಎರಡು ಹೆರಿಗೆಗಳೂ ಸರಿಯಾದ ಹೊತ್ತಿಗೆ ಬಂದು ಕೂರುತ್ತವೆ. ಹೆಣ್ಣುಮರಿಗಳು ಹುಟ್ಟಿದ ವರ್ಷದೊಳಗೇ ಪ್ರಾಯಕ್ಕೆ ಬರುತ್ತವೆ. ಗಂಡುಗಳಿಗೆ ಅದಕ್ಕೆ ಒಂದು ವರ್ಷಕ್ಕಿಂತ ಹೆಚ್ಚೇ ಬೇಕು. ಬಿಡಾರ ಕಟ್ಟಿ ಕಾಯುವ ತಾಕತ್ತು ಬರುವ ತನಕ ಪ್ರಾಯಕ್ಕೆ ಬಂದೂ ಏನು ಫಲ!

ಇಂಥ ಗುಂಪನ್ನು ಪುಸ್ತಕಗಳು ಅಂತಃಪುರ ಎಂದೇ ಬರೆಯುತ್ತವೆ. ಗಂಡು ಒಡೆಯ, ಹೆಣ್ಣುಗಳು ಅವನ ಸೊತ್ತು ಎಂಬ ಚಿತ್ರ ಅದರ ಜೊತೆಗೆ ಬಂದುಬಿಡುತ್ತದೆ. ಡಿಎನ್‌ಎ ಈ ಒಡೆತನದ ಕಥೆಯನ್ನು ಎಷ್ಟೋ ಕಡೆ ಬಯಲಿಗೆ ಎಳೆದಿದೆ. ಮಧ್ಯ ಅಮೆರಿಕದ ಚೀಲರೆಕ್ಕೆಯ ಬಾವಲಿಯ ಗಂಡಿಗೆ ಮುಂಗೈ ಬಳಿಯ ರೆಕ್ಕೆಪೊರೆಯಲ್ಲಿ ಒಂದೊಂದು ಸಣ್ಣ ಚೀಲ ಇರುತ್ತದೆ. ಅದರಲ್ಲಿ ಗ್ರಂಥಿಯೇನೂ ಇಲ್ಲ, ಬರಿಯ ಚೀಲ. ಮಧ್ಯಾಹ್ನವಾದ ಮೇಲೆ ಗಂಡು ಅದನ್ನು ತನ್ನ ಮೂತ್ರದಿಂದ ನೆಕ್ಕಿ ತೊಳೆಯುತ್ತದೆ. ಬಳಿಕ ಗಂಟಲಿನ ಗ್ರಂಥಿ ಮತ್ತು ಜನನಾಂಗದ ಸ್ರಾವವನ್ನು ಗಲ್ಲದಿಂದ ಹನಿಹನಿಯಾಗಿ ತಂದು ತುಂಬುತ್ತದೆ. ಈ ಸಿಂಗಾರಕ್ಕೆ ದಿನವೂ ಅರ್ಧ ಗಂಟೆಯಾದರೂ ಬೇಕು. ಮುಗಿದ ಮೇಲೆ ಗೋಡೆಗಂಟಿ ಕೂತ ಹೆಣ್ಣಿನ ಎದುರು ಗಾಳಿಯಲ್ಲಿ ತಡೆದು ನಿಂತು ಆ ವಾಸನೆಯನ್ನು ಬೀಸುತ್ತದೆ, ಹಾಡುತ್ತದೆ. ಇಷ್ಟೆಲ್ಲ ಮಾಡಿ ಕಾಯ್ದುಕೊಂಡ ಹೆಣ್ಣುಗಳ ಮರಿಗಳಲ್ಲಿ ಅದರದ್ದು ಸುಮಾರು ಮೂರರಲ್ಲಿ ಒಂದು. ಉಳಿದವುಗಳ ತಂದೆಯರು ಬೇರೆ ಕಡೆಯವರು. ಜಾಗವನ್ನು ಕಾಯಬಹುದು, ಹಾರಬಲ್ಲ ಹೆಣ್ಣನ್ನು ಕಾಯುವುದು ಹೇಗೆ?

ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನಲ್ಲಿ ವುಡ್‌ಚೆಸ್ಟರ್ ಎಂಬ ಅರ್ಧಕ್ಕೆ ನಿಂತ ಹಳೆಯ ಬಂಗಲೆ ಇದೆ. ಅದರ ಅಟ್ಟದಲ್ಲಿ ಲಾಳಮೂಗಿನ ಬಾವಲಿಗಳ ತಾಯಂದಿರ ವಸತಿ. ರಾಜರ್ ರ್‍ಯಾನ್ಸಮ್ ಎಂಬವರು 1950ರ ದಶಕದ ಕೊನೆಯಿಂದ ಅವುಗಳನ್ನು ಗುರುತು ಹಾಕಿ ಹಿಂಬಾಲಿಸುತ್ತ ಬಂದಿದ್ದಾರೆ. ಶರತ್ಕಾಲದಲ್ಲಿ ಗಂಡುಗಳು ಸುತ್ತಲಿನ ಗುಹೆ, ಹಳೆಯ ಗಣಿಗಳಲ್ಲಿ ಒಂಟಿಯಾಗಿ ಕೂತಿರುತ್ತವೆ. ಹೆಣ್ಣುಗಳೇ ಹೊರಟು ಅವನ್ನು ಹುಡುಕಿಕೊಂಡು ಹೋಗುತ್ತವೆ. 2005ರಲ್ಲಿ ಸ್ಟೀಫನ್ ರಾಸಿಟರ್ ತಂಡ ವಂಶವೃಕ್ಷಗಳನ್ನು ಜೋಡಿಸಿದಾಗ ಕಂಡದ್ದು: ಹೆಣ್ಣು ಎಷ್ಟೋ ವರ್ಷ ಅದೇ ಗಂಡಿನ ಬಳಿಗೇ ಮರಳುತ್ತದೆ, ಅಷ್ಟೇ ಅಲ್ಲ, ಒಂದೇ ತಾಯಿಬಳ್ಳಿಯ ಹೆಣ್ಣುಗಳು, ಅಜ್ಜಿ, ತಾಯಿ, ಮಗಳು, ಒಂದೇ ಗಂಡನ್ನು ಹಂಚಿಕೊಳ್ಳುತ್ತವೆ. ಹಾಗೆಂದು ತಂದೆಯೊಡನೆ ಮಗಳು ಕೂಡುವುದನ್ನು ಬಹುಮಟ್ಟಿಗೆ ತಪ್ಪಿಸುತ್ತವೆ. ಇದರಿಂದ ವಸತಿಯ ಹೆಣ್ಣುಗಳ ನಡುವಿನ ನಂಟು ಇನ್ನಷ್ಟು ಬಿಗಿಯಾಗುತ್ತದೆ. ಈ ಪ್ರಸಂಗವನ್ನು ತರಗತಿಯಲ್ಲಿ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಸಂತಾನೋತ್ಪತ್ತಿಯ ಅಧ್ಯಾಯ ತೆರೆದೊಡನೆ ಹಿಂದಿನ ಬೆಂಚುಗಳಲ್ಲಿ ಶುರುವಾಗುವ ಕಿಸಿಕಿಸಿ ನಗುವೇ ನನಗೆ ಸಾಕು.

ನಗುವಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಚೀನಾದ ಗ್ವಾಂಗ್‌ಝೌನಲ್ಲಿ ಇದೇ ಗಿಡ್ಡಮೂತಿಯ ಬಾವಲಿಯ ಮೇಲೆ ನಡೆದ ಅಧ್ಯಯನ 2009ರಲ್ಲಿ ಹೊರಬಂತು. ಕೂಡುವಾಗ ಹೆಣ್ಣು ಬಾಗಿ ಗಂಡಿನ ಅಂಗವನ್ನು ನೆಕ್ಕುತ್ತದೆ, ನೆಕ್ಕಿದಷ್ಟೂ ಮಿಲನ ದೀರ್ಘವಾಗುತ್ತದೆ ಎಂಬುದು ಅದರ ಸಾರ. ಮರುವರ್ಷ ಅದಕ್ಕೆ ಇಗ್‌ನೊಬೆಲ್ ಎಂಬ ವಿನೋದದ ಬಹುಮಾನ ಸಿಕ್ಕಿತು. ಮದುರೈ ಕಾಮರಾಜ್ ವಿಶ್ವವಿದ್ಯಾಲಯದವರು 2013ರಲ್ಲಿ ನಮ್ಮ ದೊಡ್ಡ ತೊಗಲು ಬಾವಲಿಯಲ್ಲಿ ಇದರ ತಿರುಗುಮುರುಗನ್ನು, ಎಂದರೆ ಗಂಡು ಹೆಣ್ಣನ್ನು ನೆಕ್ಕುವುದನ್ನು, ದಾಖಲಿಸಿದರು. ಜಗತ್ತು ನಕ್ಕಿತು, ನಗಲಿ. ಆ ನಗುವಿನಡಿ ಇರುವ ಪ್ರಶ್ನೆ ಗಂಭೀರವಾದದ್ದು. ಹೆಣ್ಣು ಹಲವರೊಡನೆ ಕೂಡುವ ಜಾತಿಗಳಲ್ಲಿ ಸ್ಪರ್ಧೆ ಹೊರಗೆ ಹೊಡೆದಾಟದಲ್ಲಿ ಮುಗಿಯುವುದಿಲ್ಲ, ಅವಳ ದೇಹದ ಒಳಗೆ ಮುಂದುವರಿಯುತ್ತದೆ. ಎಷ್ಟು ಹೊತ್ತು, ಎಷ್ಟು ವೀರ್ಯ ಎಂಬುದೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಬಾವಲಿ ಜಾತಿಗಳಲ್ಲಿ ವೃಷಣಗಳ ತೂಕ ದೇಹತೂಕದ ಶೇ 0.12ರಿಂದ ಶೇ 8.4ರವರೆಗೆ ವ್ಯತ್ಯಾಸವಾಗುತ್ತದೆ ಎಂದು 2006ರ ಒಂದು ಹೋಲಿಕೆ ಲೆಕ್ಕ ಹಾಕಿತು. ಹೆಣ್ಣು ಹಲವರನ್ನು ಕೂಡುವ ಜಾತಿಗಳಲ್ಲಿ ಅವು ದೊಡ್ಡವು.

ನೆದರ್ಲೆಂಡ್ಸ್‌ನ ಒಂದು ಹಳ್ಳಿಯ ಚರ್ಚಿನ ಅಟ್ಟದಲ್ಲಿ ಕ್ಯಾಮೆರಾಗಳನ್ನು ಇಟ್ಟಿದ್ದ ಹವ್ಯಾಸಿಯೊಬ್ಬರ ಚಿತ್ರಗಳು ಇದಕ್ಕಿಂತ ವಿಚಿತ್ರವಾದುದನ್ನು ತೋರಿಸಿದವು. ಸೆರೋಟಿನ್ ಎಂಬ ಬಾವಲಿಯ ಗಂಡಿನ ಅಂಗ ಹೆಣ್ಣಿನದಕ್ಕಿಂತ ಏಳು ಪಟ್ಟು ಉದ್ದ, ತುದಿಯೂ ಏಳು ಪಟ್ಟು ಅಗಲ. ಒಳಹೋಗುವ ಮಾತೇ ಇಲ್ಲ. ಗಂಡು ಅದನ್ನು ಕೈಯಂತೆ ಬಳಸಿ ಹೆಣ್ಣಿನ ಬಾಲಪೊರೆಯನ್ನು ಪಕ್ಕಕ್ಕೆ ಸರಿಸಿ, ಮುಟ್ಟಿಸಿ, ಹಾಗೇ ಹಿಡಿದುಕೊಂಡಿರುತ್ತದೆ. ಅರ್ಧದಷ್ಟು ಮಿಲನಗಳು ಒಂದು ಗಂಟೆಯ ಒಳಗೆ ಮುಗಿದರೆ, ಒಂದಂತೂ ಹನ್ನೆರಡೂವರೆ ಗಂಟೆಗೂ ಮೀರಿ ನಡೆಯಿತು. ಸಸ್ತನಿಗಳಲ್ಲಿ ಅಂಗಪ್ರವೇಶವಿಲ್ಲದ ಮಿಲನ ವರದಿಯಾದದ್ದು ಇದೇ ಮೊದಲು. ಲೊಸಾನ್ ವಿಶ್ವವಿದ್ಯಾಲಯದ ನಿಕೊಲಾ ಫಾಸೆಲ್ ತಂಡ 2023ರಲ್ಲಿ ಇದನ್ನು ಪ್ರಕಟಿಸಿತು. ಪಠ್ಯಪುಸ್ತಕದ ವಾಕ್ಯವೊಂದು ಹೀಗೆ ಚರ್ಚಿನ ಅಟ್ಟದಲ್ಲಿ ಸುಳ್ಳಾಗುವುದು ನನ್ನಂಥ ಮೇಷ್ಟರಿಗೆ ಬಲು ಖುಷಿಯ ಸಂಗತಿ.

ಹೆಣ್ಣಿನ ಆಯ್ಕೆ ಎಷ್ಟು ಕಠಿಣವಾಗಿರಬಲ್ಲದು ಎಂದು ತಿಳಿಯಬೇಕಾದರೆ ಆಫ್ರಿಕಕ್ಕೆ ಹೋಗಬೇಕು. ಗಬಾನ್‌ನ ನದಿದಂಡೆಯ ಮರಗಳಲ್ಲಿ ಸುತ್ತಿಗೆತಲೆಯ ಬಾವಲಿಯ ಗಂಡುಗಳು ಸಂಜೆ ಸಾಲಾಗಿ ಜೋತು ರೆಕ್ಕೆ ಬಡಿಯುತ್ತ ಕೂಗುತ್ತವೆ. ಎದೆಗೂಡಿನ ಬಹುಭಾಗವನ್ನು ಧ್ವನಿಪೆಟ್ಟಿಗೆಯೇ ಆಕ್ರಮಿಸಿರುತ್ತದೆ. ಹೆಣ್ಣುಗಳು ಸಾಲಿನುದ್ದಕ್ಕೂ ಹಾರಿ, ಕೆಲವರ ಎದುರು ತಡೆದು ಕೇಳಿ, ಒಬ್ಬನನ್ನು ಆರಿಸುತ್ತವೆ. ಜ್ಯಾಕ್ ಬ್ರ್ಯಾಡ್‌ಬರಿ 1970ರ ದಶಕದಲ್ಲಿ ಎಣಿಸಿದಾಗ ಒಂದು ಋತುವಿನ ಶೇ 79ರಷ್ಟು ಮಿಲನಗಳು ಶೇ 6ರಷ್ಟು ಗಂಡುಗಳ ಪಾಲಾಗಿದ್ದವು. ಉಳಿದವರು ಕೂಗಿದ್ದೇ ಬಂತು.

ಬಾವಲಿಯಲ್ಲದ ಸಣ್ಣ ಸಸ್ತನಿಗಳು ಇದೇ ಪ್ರಶ್ನೆಗಳಿಗೆ ಬೇರೆ ಉತ್ತರ ಕೊಟ್ಟಿವೆ. ಪತ್ರಿಕೆಗಳು ಹೆಚ್ಚು ಪ್ರೀತಿಸುವುದು ಅಮೆರಿಕದ ಹುಲ್ಲುಗಾವಲಿನ ವೋಲ್ ಇಲಿಯನ್ನು. ಲೊವೆಲ್ ಗೆಟ್ಸ್ ಇಲಿನಾಯ್‌ನಲ್ಲಿ ಬೋನಿಟ್ಟಾಗ ಅದದೇ ಜೋಡಿ ಮತ್ತೆ ಮತ್ತೆ ಒಟ್ಟಿಗೆ ಸಿಗುತ್ತಿತ್ತು. ಅಲ್ಲಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಕಥೆ ಬೆಳೆದು 'ಪ್ರೇಮದ ರಾಸಾಯನಿಕ' ಎಂಬ ಪಟ್ಟ ಅದಕ್ಕೆ ಬಂತು. 2023ರಲ್ಲಿ ಆ ಹಾರ್ಮೋನನ್ನು ಗ್ರಹಿಸುವ ಜೀನನ್ನೇ ತೆಗೆದುಹಾಕಿದ ವೋಲ್‌ಗಳೂ ಎಂದಿನಂತೆ ಜೋಡಿ ಕಟ್ಟಿದವು. ಜೋಡಿಯಾಗಿ ಬಾಳುವ ವೋಲ್‌ಗಳ ಮರಿಗಳಲ್ಲಿ ಹೊರಗಿನ ತಂದೆಯವೂ ಇರುತ್ತವೆ. ಡಿಎನ್‌ಎ ಪರೀಕ್ಷೆಯಲ್ಲೂ ಅಪ್ಪಟ ಏಕಪತ್ನೀವ್ರತವೆಂದು ಕಂಡುಬಂದ ಪ್ರಾಣಿ ಬೇಕಾದರೆ ಕ್ಯಾಲಿಫೋರ್ನಿಯದ ಒಂದು ಇಲಿಯಿದೆ. ಅಂಥವು ಬಹಳ ವಿರಳ.

ನನ್ನನ್ನು ಹೆಚ್ಚು ಕಾಡಿದ್ದು ಆಸ್ಟ್ರೇಲಿಯದ ಆಂಟಿಕೈನಸ್. ನೋಡಲು ಇಲಿಯಂತಿದ್ದರೂ ಕಾಂಗರೂವಿನ ಬಳಗದ ಚೀಲದ ಪ್ರಾಣಿ. ಚಳಿಗಾಲದಲ್ಲಿ ಕೆಲವೇ ವಾರಗಳ ಬೆದೆಗಾಲ, ಗುಂಪಿನ ಎಲ್ಲ ಹೆಣ್ಣುಗಳಿಗೂ ಒಟ್ಟಿಗೆ. ಗಂಡುಗಳು ಒಂದೊಂದು ಮಿಲನಕ್ಕೆ ಹದಿನಾಲ್ಕು ಗಂಟೆಗಳವರೆಗೂ ಸಮಯ ಕೊಡುತ್ತವೆ. ಋತು ಆರಂಭವಾಗುವ ಮೊದಲೇ ವೃಷಣಗಳಲ್ಲಿ ಹೊಸ ವೀರ್ಯಾಣುಗಳ ತಯಾರಿ ನಿಂತಿರುತ್ತದೆ, ಇರುವುದನ್ನು ಖರ್ಚು ಮಾಡುವುದಷ್ಟೇ ಬಾಕಿ. ರಕ್ತದಲ್ಲಿ ಒತ್ತಡದ ಹಾರ್ಮೋನ್ ಏರಿ ಏರಿ, ಕೂದಲು ಉದುರಿ, ಹೊಟ್ಟೆಯಲ್ಲಿ ಹುಣ್ಣಾಗಿ, ರೋಗನಿರೋಧಕ ಶಕ್ತಿ ಕುಸಿದು, ಹುಟ್ಟಿ ಒಂದು ವರ್ಷ ತುಂಬುವ ಮೊದಲೇ ಎಲ್ಲ ಗಂಡುಗಳೂ ಸಾಯುತ್ತವೆ. ಎಲ್ಲವೂ. ಕಾಡಿನಲ್ಲಿ ಕೆಲವು ವಾರ ಆ ಜಾತಿಯ ಒಂದು ಗಂಡೂ ಇರುವುದಿಲ್ಲ, ಇರುವುದು ಬಸುರಿಯರು ಮಾತ್ರ. ಅಲ್ಲಿಯೂ ಹೆಣ್ಣು ಹಲವರ ವೀರ್ಯವನ್ನು ದಿನಗಟ್ಟಲೆ ಕೂಡಿಟ್ಟು ಬಳಸುತ್ತದೆ, ಒಂದೇ ಸೂಲಿನ ಮರಿಗಳಿಗೆ ಹಲವು ತಂದೆಯರು. ಮರಿಗಳು ಹಾಲು ಬಿಡುವ ಕಾಲ ಹುಳುಗಳು ಹೆಚ್ಚಿರುವ ಕಾಲಕ್ಕೇ ಬೀಳುತ್ತದೆ. ಇಷ್ಟು ಬಿಗಿಯಾದ ಕಾಲಪಟ್ಟಿಯೇ ಗಂಡುಗಳ ಸಾವಿಗೆ ಮೂಲ ಎಂದು ಡಯಾನಾ ಫಿಶರ್ ತಂಡ 2013ರಲ್ಲಿ ವಾದಿಸಿತು. ಬಾವಲಿ ಇದೇ ಬಿಕ್ಕಟ್ಟನ್ನು ಯಾರ ಪ್ರಾಣವನ್ನೂ ತೆಗೆಯದೆ ಬಗೆಹರಿಸಿಕೊಂಡಿದೆ ಎಂಬುದು ನನ್ನ ಪಕ್ಷಪಾತದ ಅಭಿಪ್ರಾಯ.

ಅಡುಗೆಮನೆಯ ಮೂಲೆಯಲ್ಲಿ ಕಿರ್ ಎನ್ನುತ್ತ ಗೋಡೆಗುಂಟ ಓಡುವ ಸುಂಡಿಲಿಯಲ್ಲಿ ಮಿಲನವಾದರಷ್ಟೇ ಅಂಡ ಹೊರಬರುತ್ತದೆ, ತಿಂಗಳ ಲೆಕ್ಕವೇ ಇಲ್ಲ. ಗೂಡು ಬಿಟ್ಟು ಹೊರಡುವಾಗ ಮೊದಲ ಮರಿ ತಾಯಿಯ ಬಾಲದ ಬುಡವನ್ನು ಕಚ್ಚುತ್ತದೆ, ಎರಡನೆಯದು ಮೊದಲನೆಯದರದ್ದನ್ನು. ಸಾಲು ಕಡಿಯದಂತೆ ಒಂದೇ ಹೆಜ್ಜೆಯಲ್ಲಿ ಸಾಗುತ್ತವೆ. ಇನ್ನು ಪ್ರಯೋಗಾಲಯದ ಬಿಳಿ ಇಲಿ. ಆಗತಾನೇ ಬಸಿರಾದ ಹೆಣ್ಣಿಗೆ ಅಪರಿಚಿತ ಗಂಡಿನ ವಾಸನೆ ತಗುಲಿದರೆ ಸಾಕು, ಬಸಿರು ನಿಂತುಹೋಗಿ ಅದು ಮತ್ತೆ ಬೆದೆಗೆ ಬರುತ್ತದೆ ಎಂದು ಲಂಡನ್ನಿನ ಹಿಲ್ಡಾ ಬ್ರೂಸ್ 1959ರಲ್ಲಿ ತೋರಿಸಿದರು. ಹೊಸ ಗಂಡು ಹಳೆಯವನ ಮರಿಗಳನ್ನು ಕೊಲ್ಲುವ ಸಾಧ್ಯತೆಯಿದ್ದರೆ ಅವನ್ನು ಹೆರುವ ಶ್ರಮ ಏಕೆ ಎಂಬ ಕಟು ತರ್ಕ ಅದರ ಹಿಂದಿರಬಹುದು. ಮೂರು ವಾರದ ಬಸಿರನ್ನು ಹಾಗೆ ಬಿಟ್ಟುಕೊಡಬಹುದು. ಐದು ತಿಂಗಳ ಬಸಿರನ್ನು ಬಿಡುವುದು ಅಷ್ಟು ಸುಲಭವಲ್ಲ.

ಅಮೆರಿಕದ ಟೆಕ್ಸಸ್‌ನ ಬ್ರ್ಯಾಕನ್ ಗುಹೆಯಲ್ಲಿ ಬೇಸಿಗೆಗೆ ಒಂದೂವರೆ ಎರಡು ಕೋಟಿ ಬಾವಲಿಗಳು ಸೇರುತ್ತವೆ, ಹೆಚ್ಚಿನವು ತಾಯಂದಿರು. ಮರಿಗಳನ್ನು ಒಂದೆಡೆ ಒತ್ತಾಗಿ ಬಿಟ್ಟು ರಾತ್ರಿ ಹೊರಗೆ ಹೋಗಿ ಬರುತ್ತವೆ. ಒಂದು ಚದರ ಮೀಟರಿನಲ್ಲಿ ಸಾವಿರಗಟ್ಟಲೆ ಬೋಳು ಮರಿಗಳು. ಈ ಜಂಗುಳಿಯಲ್ಲಿ ಸಿಕ್ಕ ಮರಿಗೆ ಹಾಲೂಡುತ್ತವೆ ಎಂದೇ ಹಿಂದೆ ನಂಬಿದ್ದರು. ಗ್ಯಾರಿ ಮೆಕ್‌ಕ್ರ್ಯಾಕನ್ 1984ರಲ್ಲಿ ರಕ್ತದ ಗುರುತುಗಳನ್ನು ಹೋಲಿಸಿ ನೋಡಿದಾಗ ಶೇ 83ರಷ್ಟು ತಾಯಂದಿರು ಹಾಲೂಡುತ್ತಿದ್ದುದು ತಮ್ಮದೇ ಮರಿಗೆ. ಕೂಗು ಮತ್ತು ವಾಸನೆಯ ಜಾಡಿನಲ್ಲಿ ಕತ್ತಲಲ್ಲಿ ಹುಡುಕಿ ತಲುಪುತ್ತವೆ. ಇರುವುದು ಒಂದೇ ಆದಾಗ ಹುಡುಕದೆ ಗತಿಯಿಲ್ಲ.

ಈ ಲೆಕ್ಕವನ್ನು ನಮ್ಮ ಕಾನೂನು ಬಹಳ ಕಾಲ ಕೇಳಿಸಿಕೊಂಡಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ ಇಲಿ, ಹೆಗ್ಗಣಗಳ ಸಾಲಿನಲ್ಲೇ ಹಣ್ಣುಬಾವಲಿಗಳನ್ನೂ ಪೀಡೆಪ್ರಾಣಿಗಳೆಂದು ಬರೆದಿದ್ದರು, ಎಂದರೆ ಯಾರು ಬೇಕಾದರೂ ಕೊಲ್ಲಬಹುದಿತ್ತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯೇ ಹೋಯಿತು. ಕಾಗದದ ಮೇಲಿನ ಈ ಬದಲಾವಣೆ ನಮ್ಮ ಬಡಾವಣೆಯ ಸಭೆಗೆ ತಲುಪಲು ಇನ್ನೂ ಎಷ್ಟು ವರ್ಷ ಬೇಕೋ ಕಾಣೆ.

ಕರ್ನಾಟಕದಲ್ಲಿ ಇದನ್ನು ತೀರ ತುರ್ತಾಗಿ ಯೋಚಿಸಬೇಕಾದ ಜಾಗ ಕೋಲಾರ ಜಿಲ್ಲೆಯ ಹನುಮನಹಳ್ಳಿ. ಪುಣೆಯ ಅಧ್ಯಯನದಲ್ಲಿದ್ದ ಅದೇ ಎಚ್. ಆರ್. ಭಟ್ ಮತ್ತು ಜರ್ಮನಿಯ ಡೀಟರ್ ಕಾಕ್ 1994ರಲ್ಲಿ ಹೊಸ ಜಾತಿಯೆಂದು ಹೆಸರಿಟ್ಟ ಕೋಲಾರದ ಎಲೆಮೂಗಿನ ಬಾವಲಿ ಇರುವುದು ಅಲ್ಲಿನ ಬಂಡೆಯ ಗುಹೆಯಲ್ಲಿ. ಜಗತ್ತಿನ ಬೇರೆಲ್ಲೂ ಅದು ಈಗ ಉಳಿದಿರುವುದು ಗೊತ್ತಿಲ್ಲ. ಉಳಿದವು ಇನ್ನೂರರ ಒಳಗೆ. ಅವುಗಳಲ್ಲಿ ಅರ್ಧ ಹೆಣ್ಣುಗಳೆಂದು ಇಟ್ಟುಕೊಳ್ಳಿ, ಇನ್ನೂ ಪ್ರಾಯಕ್ಕೆ ಬಾರದವನ್ನು ಕಳೆಯಿರಿ. ಈ ಕುಟುಂಬದ ಬಾವಲಿಗಳು ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುವವು. ಹುಟ್ಟಿದ ಮರಿಗಳಲ್ಲಿ ಮೊದಲ ವರ್ಷ ದಾಟುವವು ಇನ್ನೂ ಕಡಿಮೆ. ಸುತ್ತಲಿನ ಗುಡ್ಡಗಳಲ್ಲಿ ಗ್ರಾನೈಟಿಗಾಗಿ ಕಲ್ಲು ಒಡೆಯುವುದು ಈ ಜಾತಿಗೆ ದೊಡ್ಡ ಅಪಾಯವಾಗಿತ್ತು. ಅರಣ್ಯ ಇಲಾಖೆಯೂ ಬಾವಲಿ ಸಂರಕ್ಷಣೆಗೆಂದೇ ಇರುವ ಬೆಂಗಳೂರಿನ ಒಂದು ಟ್ರಸ್ಟೂ ಸೇರಿ ಆ ಗುಹೆಯನ್ನು ಕಾಯುತ್ತಿವೆ. ಮರಿಯಿರುವ ತಿಂಗಳಲ್ಲಿ ಒಂದು ದಿನ ಸಿಡಿಮದ್ದು ಸಿಡಿದು ತಾಯಂದಿರು ಮರಿ ಬಿಟ್ಟು ಹಾರಿದರೆ ಆ ವರ್ಷದ ಪೀಳಿಗೆಯೇ ಇಲ್ಲ. ಕಳೆದುಹೋದದ್ದನ್ನು ತುಂಬಿಕೊಳ್ಳಲು ಇಲಿಗೆ ಮೂರು ವಾರ ಸಾಕು, ಇವುಗಳಿಗೆ ಮತ್ತೆ ಮುಂದಿನ ಋತುವೇ ಬರಬೇಕು, ಆಗಲೂ ತಾಯಿಗೆ ಒಂದರಂತೆಯೇ.